ಮೂತ್ರದ ಪೈಪ್ ಹಾಕಿದ ಹಿರಿಯರಿಗೆ ಪದೇ ಪದೇ ಇನ್ಫೆಕ್ಷನ್: ತಡೆಯುವುದು ಹೇಗೆ?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಾವೊಂದು ವೃದ್ಧರ ಆರೈಕೆ ಕೇಂದ್ರ ನಡೆಸುತ್ತಿದ್ದೇವೆ. 18 ಜನ ಇದ್ದಾರೆ. ನಾಲ್ವರಿಗೆ ಮೂತ್ರದ ಪೈಪ್ ಇದೆ. ತಿಂಗಳಿಗೊಮ್ಮೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಂತ ನೋಡುವ ಲ್ಯಾಬ್ ಪರೀಕ್ಷೆ) ಮಾಡಿಸುತ್ತೇವೆ, ಪ್ರತಿ ಸಲವೂ ಇನ್ಫೆಕ್ಷನ್ ಅಂತಲೇ ಬರುತ್ತದೆ. ಆ್ಯಂಟಿಬಯೋಟಿಕ್ ಕೊಡುತ್ತೇವೆ, ಮುಂದಿನ ತಿಂಗಳು ಮತ್ತೆ ಅದೇ ಕಥೆ. ಈಗ ಒಬ್ಬ ಅಜ್ಜನಿಗೆ ಮಾತ್ರೆ ಯಾವುದೂ ಹಿಡಿಯುವುದಿಲ್ಲ, ಇಂಜೆಕ್ಷನ್ನೇ ಬೇಕು ಎನ್ನುತ್ತಿದ್ದಾರೆ. ಪೈಪನ್ನು ವಾರಕ್ಕೊಮ್ಮೆ ಬದಲಿಸಬೇಕಾ? ಬೀಟಾಡಿನ್ ಹಚ್ಚಿ ತೊಳೆಯಬೇಕಾ? ಇನ್ಫೆಕ್ಷನ್ ಬಾರದ ಹಾಗೆ ದಿನಾ ಒಂದು ಮಾತ್ರೆ ಕೊಡಬಹುದಾ? ಇನ್ನೊಬ್ಬರು ಅಜ್ಜಿಯ ಯೂರಿನ್ ಬ್ಯಾಗ್ ಮೊನ್ನೆಯಿಂದ ನೇರಳೆ ಬಣ್ಣಕ್ಕೆ ತಿರುಗಿದೆ. ನಮಗೆಲ್ಲ ಗಾಬರಿ.

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ವಾರಕ್ಕೊಮ್ಮೆ ಪೈಪ್ ಬದಲಿಸಬೇಡಿ. ಬೀಟಾಡಿನ್ ಬೇಡ. ದಿನಾ ಒಂದು ಮಾತ್ರೆಯಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ಮಾಡಿಸುವ ಕಲ್ಚರನ್ನೂ ಈ ತಿಂಗಳಿಂದಲೇ ನಿಲ್ಲಿಸಿ. ನಿಮ್ಮ ಅರ್ಧ ತೊಂದರೆ ಆ ಪರೀಕ್ಷೆಯಿಂದಲೇ ಶುರುವಾಗುತ್ತಿದೆ. ಇನ್ನರ್ಧ ನೀವು ಪತ್ರದಲ್ಲಿ ಕೇಳದೇ ಬಿಟ್ಟ ಪ್ರಶ್ನೆಯಲ್ಲಿದೆ: ಆ ನಾಲ್ವರಿಗೂ ಪೈಪ್ ಇನ್ನೂ ಯಾಕಿದೆ?

ಕಲ್ಚರ್ ವಿಷಯ ಮೊದಲು. ಮೂತ್ರದ ಪೈಪ್ ಹಾಕಿದ ದಿನದಿಂದ ಬ್ಯಾಕ್ಟೀರಿಯಾ ಅದರ ಗೋಡೆ ಹತ್ತಲು ಶುರು ಮಾಡುತ್ತವೆ. ಪೈಪ್ ಇರುವವರಲ್ಲಿ ದಿನಕ್ಕೆ ಸುಮಾರು ಶೇಕಡಾ 3ರಿಂದ 7ರಷ್ಟು ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳು ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಇರುತ್ತದೆ. ಎಷ್ಟೇ ಕ್ಲೀನಾಗಿಟ್ಟರೂ ಇದು ತಪ್ಪುವುದಿಲ್ಲ. ಅವು ಪೈಪಿನ ಒಳಗೂ ಹೊರಗೂ ಒಂದು ಲೋಳೆ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತವೆ. ಹಳ್ಳದ ಕಲ್ಲಿಗೆ ಹಿಡಿದ ಪಾಚಿ ಇದ್ದ ಹಾಗೆ: ಮೇಲೆ ಎಷ್ಟು ನೀರು ಹರಿದರೂ ಅದು ಬಿಡುವುದಿಲ್ಲ. ಔಷಧಿ ಆ ಪದರದ ಒಳಗೆ ಸರಿಯಾಗಿ ಇಳಿಯುವುದಿಲ್ಲ. ನೀವು ಕೋರ್ಸ್ ಕೊಟ್ಟಾಗ ಸಾಯುವುದು ದುರ್ಬಲ ಬ್ಯಾಕ್ಟೀರಿಯಾ. ಉಳಿಯುವುದು ಆ ಔಷಧಿಗೆ ಜಗ್ಗದವು. ತಿಂಗಳು ತಿಂಗಳು ಹೀಗೇ ಮಾಡಿದರೆ ಕೊನೆಗೆ ರಿಪೋರ್ಟಿನಲ್ಲಿ ಸಾಲಾಗಿ ‘ರೆಸಿಸ್ಟೆಂಟ್’ ಅಂತ ಬರುತ್ತದೆ. ನಿಮ್ಮ ಅಜ್ಜನಿಗೆ ಆಗಿರುವುದೂ ಬಹುಶಃ ಇದೇ.

ಹಾಗಾಗಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದೇ ಬೇರೆ, ಆ ವ್ಯಕ್ತಿಗೆ ಇನ್ಫೆಕ್ಷನ್ ಆಗಿರುವುದೇ ಬೇರೆ. ಮೈಗೆ ಯಾವ ತೊಂದರೆಯೂ ಇಲ್ಲದಿದ್ದರೆ ಬರೀ ರಿಪೋರ್ಟ್ ನೋಡಿ ಆ್ಯಂಟಿಬಯೋಟಿಕ್ ಕೊಡಬಾರದು. ಮೂತ್ರನಾಳದಲ್ಲಿ ರಕ್ತ ಬರುವಂಥ ಆಪರೇಷನ್ ಮಾಡುವ ಮುಂಚೆ ಕೊಡುವುದುಂಟು, ಅದು ಬೇರೆ ಮಾತು. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ, ಬ್ಯಾಗಿನ ತಳದಲ್ಲಿ ಗಷ್ಟು ಕೂತಿದೆ ಅನ್ನುವುದಷ್ಟೇ ಇನ್ಫೆಕ್ಷನ್ ಅಲ್ಲ. ಪೈಪ್ ಇರುವ ಬಹಳಷ್ಟು ಜನರಲ್ಲಿ ಇದು ಮಾಮೂಲಿ. ವಾಸನೆ ಬಂದರೆ ಮೊದಲು ಅವರು ನೀರು ಎಷ್ಟು ಕುಡಿದರು ಅಂತ ನೋಡಿ.

ಈಗ ಆ ಬಿಟ್ಟುಹೋದ ಪ್ರಶ್ನೆ. ಅಮೆರಿಕದಲ್ಲಿ 400ಕ್ಕೂ ಹೆಚ್ಚು ವೃದ್ಧರ ಆರೈಕೆ ಕೇಂದ್ರಗಳು ಸೇರಿ ಇದೇ ವಿಷಯದ ಮೇಲೆ ಕೆಲಸ ಮಾಡಿದವು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಪೈಪ್ ಇರುವ 1000 ದಿನಗಳಿಗೆ 6.4ರಷ್ಟಿದ್ದ ಇನ್ಫೆಕ್ಷನ್ 3.3ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅರ್ಧ. ಹೊಸ ಔಷಧಿಯಿಲ್ಲ, ದುಬಾರಿ ಯಂತ್ರವಿಲ್ಲ. ಪೈಪ್ ಬೇಕೇ ಅಂತ ಮತ್ತೆ ಮತ್ತೆ ಕೇಳಿಕೊಳ್ಳುವುದು, ಶುದ್ಧವಾಗಿ ಹಾಕುವುದು, ಕೈ ತೊಳೆಯುವುದು, ಸಿಬ್ಬಂದಿಗೆ ಕಲಿಸುವುದು, ಸುಮ್ನೆ ಕಲ್ಚರ್ ಕಳಿಸದಿರುವುದು. ಇಷ್ಟೇ. ಇನ್ನೊಂದು ಅಂಕಿ ಗಮನಿಸಿ. ಆ ಕೇಂದ್ರಗಳಲ್ಲಿ ಶುರುವಿನಲ್ಲೇ ಪೈಪ್ ಇದ್ದವರು 100ಕ್ಕೆ 5ಕ್ಕಿಂತ ಕಡಿಮೆ. ನಿಮ್ಮಲ್ಲಿ 18ಕ್ಕೆ 4, ಅಂದರೆ 100ಕ್ಕೆ 22. ನಿಮ್ಮಲ್ಲಿ ತೀರ ಕಾಯಿಲೆಯವರೇ ಜಾಸ್ತಿ ಇರಬಹುದು. ಆದರೂ ನಾಲ್ವರಲ್ಲಿ ಒಬ್ಬರದ್ದೋ ಇಬ್ಬರದ್ದೋ ಪೈಪ್ ತೆಗೆಯಬಹುದು ಎಂದು ನನ್ನ ಅಂದಾಜು.

ಪೈಪ್ ನಿಜವಾಗಿ ಬೇಕಾಗುವುದು ಕೆಲವರಿಗೆ ಮಾತ್ರ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿಕೊಂಡವರು, ಅದಕ್ಕೆ ಬೇರೆ ದಾರಿ ಇನ್ನೂ ಸಿಗದವರು. ಸೊಂಟದ ಕೆಳಗೆ ಆಳವಾದ ಬೆಡ್ ಸೋರ್ ಇದ್ದು ಮೂತ್ರ ತಾಗಿ ಗಾಯ ಒಣಗದೇ ಇರುವವರು. ಕೊನೆಯ ದಿನಗಳಲ್ಲಿರುವವರು, ಅಲುಗಿದರೂ ನೋವು ಅನ್ನುವವರು. ‘ಡೈಪರ್ ಬದಲಿಸಲು ಜನ ಸಾಲದು’ ಅನ್ನುವುದು ಕಾರಣ ಅಲ್ಲ. ಹೀಗಂದರೆ ನಿಮ್ಮ ಆಯಾಗಳಿಗೆ ಸಿಟ್ಟು ಬರಬಹುದು, ಗೊತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ರಾತ್ರಿ ಕರೆಂಟಿಲ್ಲ, ಒಬ್ಬರೇ ಎಷ್ಟು ಸಲ ಹಾಸಿಗೆ ಬದಲಿಸಿಯಾರು? ಆದರೆ ಅನುಕೂಲಕ್ಕೆ ಹಾಕಿದ ಪೈಪ್ ಕೊನೆಗೆ ಆಸ್ಪತ್ರೆ ಓಡಾಟವಾಗಿ ಅದೇ ಆಯಾಗಳ ತಲೆ ಮೇಲೆ ಬರುತ್ತದೆ.

ಬಹಳ ಸಲ ಆಗುವುದು ಹೀಗೆ. ಸೊಂಟ ಮುರಿದು ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಪರೇಷನ್ ಆಗುತ್ತದೆ. ಅಲ್ಲಿ ಪೈಪ್ ಹಾಕುತ್ತಾರೆ. ಡಿಸ್ಚಾರ್ಜ್ ಆಗುವಾಗ ಯಾರೂ ತೆಗೆಯುವುದಿಲ್ಲ. ಸಮ್ಮರಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಿಮ್ಮಲ್ಲಿಗೆ ಬಂದ ಮೇಲೆ ‘ಡಾಕ್ಟರು ಹಾಕಿದ್ದು, ನಾವು ಹೇಗೆ ತೆಗೆಯುವುದು’ ಅಂತ ಹಾಗೇ ಉಳಿಯುತ್ತದೆ. ಇವತ್ತೇ ನಾಲ್ವರ ಫೈಲ್ ತೆಗೆದು ನೋಡಿ. ಪೈಪ್ ಹಾಕಿದ್ದು ಯಾವಾಗ, ಯಾರು, ಯಾಕೆ, ಯಾವಾಗ ತೆಗೆಯಬೇಕು? ಈ ನಾಲ್ಕು ಪ್ರಶ್ನೆಗಳಲ್ಲಿ ‘ಯಾಕೆ’ ಎಂಬ ಜಾಗ ಖಾಲಿ ಇದ್ದವರನ್ನು ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ಹೊಸದಾಗಿ ಯಾರನ್ನು ಸೇರಿಸಿಕೊಂಡರೂ ಅವತ್ತೇ ಈ ವಿವರ ಕೇಳಿ ಬರೆದುಕೊಳ್ಳಿ.

ತೆಗೆದು ನೋಡುವ ದಿನಕ್ಕೂ ತಯಾರಿ ಬೇಕು. ಗಂಡಸರಿಗೆ ಪ್ರಾಸ್ಟೇಟ್ ತೊಂದರೆ ಇದ್ದರೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯನ್ನು ಕೆಲವು ದಿನ ಮುಂಚೆಯೇ ಡಾಕ್ಟರು ಶುರು ಮಾಡಿಸುತ್ತಾರೆ. ಅದು ಬಿಪಿ ಇಳಿಸಬಹುದು, ಏಳುವಾಗ ತಲೆ ತಿರುಗಬಹುದು, ನೋಡಿಕೊಳ್ಳಿ. ಮಲಬದ್ಧತೆ ಇದ್ದರೆ ಮೊದಲು ಸರಿಪಡಿಸಿ. ಗಟ್ಟಿ ಮಲ ತುಂಬಿಕೊಂಡಿದ್ದರೆ ಮೂತ್ರ ಕಟ್ಟಿಕೊಳ್ಳುತ್ತದೆ. ಶೀತಕ್ಕೆ ಕೊಡುವ ನಿದ್ದೆ ಬರಿಸುವ ಮಾತ್ರೆ, ಸಿರಪ್ಪುಗಳೂ ಮೂತ್ರ ಕಟ್ಟಿಸುತ್ತವೆ. ನಮ್ಮ ಮಳೆಗಾಲದಲ್ಲಿ ಮೆಡಿಕಲ್ ಶಾಪಿನಿಂದ ಸೀದಾ ತಂದು ಕೊಡುವ ಈ ಮಾತ್ರೆಗಳ ಮೇಲೆ ಒಂದು ಕಣ್ಣಿಡಿ. ಬೆಳಗ್ಗೆ ಬೇಗ ಪೈಪ್ ತೆಗೆಸಿ. ಆಗ ಇಡೀ ಹಗಲು ನೋಡಿಕೊಳ್ಳಲು ಸಿಗುತ್ತದೆ. ಬೇಕಾದಷ್ಟು ಕುಡಿಸಿ, ಎಷ್ಟು ಮೂತ್ರ ಹೋಯಿತು ಅಂತ ಅಳೆಯಿರಿ. ಆರು ಗಂಟೆ ಕಳೆದರೂ ಹೋಗಿಲ್ಲ, ಅಥವಾ ಹೊಟ್ಟೆ ಕೆಳಗೆ ಉಬ್ಬಿ ನೋವು ಬಂತು ಅಂದರೆ ಸಂಜೆವರೆಗೆ ಕಾಯದೇ ತೋರಿಸಿ. ಪೈಪ್ ತೆಗೆಯುವ ಮುಂಚೆ ಎರಡು ದಿನ ಕ್ಲಿಪ್ ಹಾಕಿ ಬಿಚ್ಚಿ ‘ಟ್ರೇನಿಂಗ್’ ಕೊಡುವ ರೂಢಿ ಇದೆ. ಅದರಿಂದ ಲಾಭ ಅಂತ ಕಂಡುಬಂದಿಲ್ಲ, ಬಿಟ್ಟುಬಿಡಿ.

ಪೈಪ್ ಇಲ್ಲದೆ ನಿಭಾಯಿಸುವುದು ಹೇಗೆ ಅಂತ ಕೇಳುತ್ತೀರಿ. ಎರಡು ಮೂರು ಗಂಟೆಗೊಮ್ಮೆ, ಅವರು ಕೇಳುವ ಮೊದಲೇ, ಟಾಯ್ಲೆಟ್ಟಿಗೋ ಕಮೋಡ್ ಕುರ್ಚಿಗೋ ಕರೆದೊಯ್ಯಿರಿ. ಎದ್ದ ಕೂಡಲೆ, ಊಟ ಆದ ಮೇಲೆ, ಮಲಗುವ ಮುಂಚೆ ತಪ್ಪಿಸಬೇಡಿ. ಗಂಡಸರ ಮಂಚದ ಪಕ್ಕ ಯೂರಿನ್ ಪಾಟ್ ಇಡಿ. ಮೂತ್ರ ಕಟ್ಟಿಕೊಳ್ಳುವುದಿಲ್ಲ, ಬರೀ ಸೋರುತ್ತದೆ ಅನ್ನುವ ಅಜ್ಜಂದಿರಿಗೆ ರಾತ್ರಿ ಹೊತ್ತು ಕಾಂಡೋಮ್ ಕ್ಯಾಥೆಟರ್ ಹಾಕಬಹುದು. ಒಳಗೆ ಹೋಗುವ ಪೈಪಿಗಿಂತ ಇದರಲ್ಲಿ ಇನ್ಫೆಕ್ಷನ್ ಕಡಿಮೆ. ಆದರೆ ದಿನಾ ಬದಲಿಸಿ ಚರ್ಮ ನೋಡಬೇಕು. ಮರೆವಿನ ಕಾಯಿಲೆಯಿಂದ ಕಿತ್ತುಹಾಕುವವರಿಗೆ ಇದು ಸರಿಹೋಗುವುದಿಲ್ಲ. ಮೂತ್ರ ಪೂರ್ತಿ ಹೋಗದೇ ಉಳಿಯುವ ಕೆಲವರಿಗೆ ದಿನಕ್ಕೆ ಕೆಲವು ಸಲ ಸಣ್ಣ ಟ್ಯೂಬ್ ಹಾಕಿ ಖಾಲಿ ಮಾಡಿ ತೆಗೆದುಬಿಡುವ ವಿಧಾನವಿದೆ. ನಿಮ್ಮ ಸಿಸ್ಟರ್ ಕಲಿತರೆ ಒಳ್ಳೆಯದು.

ಇನ್ನು ಪೈಪ್ ಬೇಕೇ ಬೇಕು ಅನ್ನುವವರ ಆರೈಕೆ. ಹಾಕುವ ಕೆಲಸ ತರಬೇತಿ ಇದ್ದವರದ್ದು, ಆಯಾಗಳದ್ದಲ್ಲ. ಶುದ್ಧ ಗ್ಲೌಸ್, ಒಬ್ಬರಿಗೇ ಬಳಸುವ ಜೆಲ್ಲಿ, ಸಾಮಾನ್ಯವಾಗಿ 14 ಅಥವಾ 16 ನಂಬರಿನ ಪೈಪ್, 10 ಮಿ.ಲೀ. ಬಲೂನ್ (ಪೈಪ್ ಜಾರದ ಹಾಗೆ ಮೂತ್ರಕೋಶದೊಳಗೆ ಹಿಡಿದಿಡುವುದು). ದಪ್ಪ ಪೈಪ್ ಹಾಕಿದರೆ ಸೋರುವುದಿಲ್ಲ ಅನ್ನುವುದು ತಪ್ಪು ನಂಬಿಕೆ. ಪಕ್ಕದಿಂದ ಸೋರಿದರೆ ಪೈಪ್ ಮಡಚಿದೆಯಾ, ಮಲ ಕಟ್ಟಿದೆಯಾ ಅಂತ ನೋಡಿ, ಆಮೇಲೆ ಡಾಕ್ಟರಿಗೆ ಹೇಳಿ. ಬಲೂನಿಗೆ ಸ್ಟೆರೈಲ್ ನೀರು ತುಂಬಿ, ಸಲೈನ್ ಅಲ್ಲ. ಉಪ್ಪು ಹರಳುಗಟ್ಟಿ ಬಲೂನ್ ಖಾಲಿಯಾಗದೇ ಹೋಗಬಹುದು.

ಬದಲಿಸುವ ಲೆಕ್ಕ ಪೈಪ್ ಯಾವುದು ಅನ್ನುವುದರ ಮೇಲೆ. ಸಾಮಾನ್ಯ ಲೇಟೆಕ್ಸ್ ಪೈಪ್ ಹೆಚ್ಚೆಂದರೆ ಮೂರು ನಾಲ್ಕು ವಾರ. ಪೂರ್ತಿ ಸಿಲಿಕಾನ್ ಆದರೆ 12 ವಾರದವರೆಗೆ ಇಡಬಹುದು, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಬೆಲೆ ಜಾಸ್ತಿ, ಆದರೆ ಸಲ ಸಲ ಬದಲಿಸುವ ನೋವು, ಓಡಾಟ ಲೆಕ್ಕ ಹಾಕಿದರೆ ದುಬಾರಿ ಅಲ್ಲ. ವಾರಕ್ಕೊಮ್ಮೆ ಬದಲಿಸಿದರೆ ಪ್ರತಿ ಸಲವೂ ಒಳಗೆ ಗೀರು, ಹೊಸ ಬ್ಯಾಕ್ಟೀರಿಯಾಕ್ಕೆ ದಾರಿ. ಕೆಲವರಲ್ಲಿ ಮಾತ್ರ ಪೈಪ್ ಬೇಗ ಕಟ್ಟಿಕೊಳ್ಳುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾ ಒಡೆದು ಅದನ್ನು ಕ್ಷಾರವಾಗಿಸುತ್ತದೆ, ಆಗ ಹರಳು ಕಟ್ಟಿ ಪೈಪ್ ಮುಚ್ಚುತ್ತದೆ. ಅಂಥವರಿಗೆ ಎಷ್ಟನೇ ದಿನಕ್ಕೆ ಕಟ್ಟುತ್ತದೆ ಅಂತ ಬರೆದಿಟ್ಟು, ಅದಕ್ಕೆ ಮುಂಚೆಯೇ ಬದಲಿಸಿ.

ನಾನು ಕೇಂದ್ರಗಳಿಗೆ ಹೋದಾಗ ಮೊದಲು ನೋಡುವುದು ಮೂತ್ರ ಖಾಲಿ ಮಾಡುವ ಜಗ್. ಒಂದೇ ಜಗ್ ಹಿಡಿದು ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುತ್ತಾರೆ, ಅದೇ ಗ್ಲೌಸ್ ಹಾಕಿಕೊಂಡು. ಒಬ್ಬರ ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಎಲ್ಲರಿಗೂ ಹಂಚಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನಾಲ್ವರಿಗೆ ನಾಲ್ಕು ಜಗ್ ತನ್ನಿ. ಮಾರ್ಕರ್‌ನಲ್ಲಿ ಹೆಸರು ಬರೆಯಿರಿ. ಬ್ಯಾಗಿನ ನಲ್ಲಿಯ ತುದಿ ಜಗ್ಗಿಗೆ ತಾಗಬಾರದು. ಗ್ಲೌಸ್ ಹಾಕುವ ಮುಂಚೆ, ತೆಗೆದ ಮೇಲೆ ಕೈ ತೊಳೆಯಲೇಬೇಕು. ಗ್ಲೌಸ್ ಇದೆ ಅಂತ ಕೈ ತೊಳೆಯದಿರುವುದು ಎಲ್ಲ ಕಡೆ ನೋಡಿದ್ದೇನೆ. ನಲ್ಲಿ ದೂರ ಇದ್ದರೆ ಪ್ರತಿ ಮಂಚದ ಕಾಲಿಗೆ ಒಂದು ಸ್ಯಾನಿಟೈಜರ್ ಬಾಟ್ಲಿ ನೇತುಹಾಕಿ. ಬ್ಯಾಗ್ ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಖಾಲಿ ಮಾಡಿ. ತುಂಬದಿದ್ದರೂ ಎಂಟು ಗಂಟೆಗೊಮ್ಮೆ ಮಾಡಿ.

ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದ ಹಾಗೆ. ಮಂಚದಿಂದ ಕುರ್ಚಿಗೆ ಎತ್ತುವಾಗ ಬ್ಯಾಗನ್ನು ಅವರ ಹೊಟ್ಟೆ ಮೇಲೆ ಇಡುತ್ತಾರಲ್ಲ, ಆಗ ಬ್ಯಾಗಿನ ಹಳೆ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಕಾರಿನಲ್ಲಿ ಮಡಿಕೇರಿಗೋ ಮೈಸೂರಿಗೋ ಹೋಗುವಾಗಲೂ ಅಷ್ಟೇ. ಹೊರಡುವ ಮುಂಚೆ ಖಾಲಿ ಮಾಡಿ, ಸೀಟಿನ ಮೇಲೆ ಇಡದೆ ಕಾಲ ಹತ್ತಿರ ಕೆಳಗೆ ಕೊಕ್ಕೆ ಹಾಕಿ. ಘಾಟಿ ತಿರುವುಗಳಲ್ಲಿ ಪೈಪ್ ಜಗ್ಗದ ಹಾಗೆ ತೊಡೆಗೆ ಪ್ಲಾಸ್ಟರ್ ಅಥವಾ ಪಟ್ಟಿ ಕಟ್ಟಿರಬೇಕು. ತೊಡೆಗೆ ಕಟ್ಟುವುದು ಪ್ರಯಾಣಕ್ಕೆ ಮಾತ್ರ ಅಲ್ಲ, ದಿನಾ ಇರಲಿ. ಪೈಪ್ ಜಗ್ಗಿದಷ್ಟೂ ಒಳಗೆ ಗಾಯ.

ಪೈಪ್ ಮತ್ತು ಬ್ಯಾಗ್ ಸೇರುವ ಜಾಗ ಬಿಚ್ಚಬೇಡಿ. ಸ್ನಾನಕ್ಕೆ ಅಂತ ಬಿಚ್ಚುವುದು, ಬ್ಯಾಗ್ ತೊಳೆದು ಮತ್ತೆ ಸಿಕ್ಕಿಸುವುದು ಬೇಡ. ಬ್ಯಾಗ್ ಹಾಳಾದರೆ, ಸೋರಿದರೆ, ಅಥವಾ ಪ್ಯಾಕೆಟ್ಟಿನಲ್ಲಿ ಹೇಳಿದ ಅವಧಿ ಮುಗಿದರೆ ಹೊಸದು ಹಾಕಿ. ಸಿರಿಂಜಿನಲ್ಲಿ ಸಲೈನ್ ಹಾಕಿ ಒಳಗೆ ತೊಳೆಯುವುದನ್ನೂ ರೂಢಿ ಮಾಡಿಕೊಳ್ಳಬೇಡಿ. ಪೈಪ್ ಕಟ್ಟಿಕೊಂಡಾಗ ಡಾಕ್ಟರು ಹೇಳಿದರೆ ಮಾತ್ರ ಅದು. ಬ್ಯಾಗಿಗೆ ಡೆಟ್ಟಾಲ್ ಹಾಕುವುದೂ ಬೇಡ.

ತೊಳೆಯಲು ಸೋಪು, ನೀರು ಸಾಕು. ದಿನಕ್ಕೊಮ್ಮೆ, ಮತ್ತೆ ಪ್ರತಿ ಸಲ ಮಲ ಹೋದ ಮೇಲೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡಸರಿಗೆ ಮುಂದೊಗಲು ಹಿಂದೆ ಸರಿಸಿ ತೊಳೆದು, ಮರೆಯದೇ ಮತ್ತೆ ಮುಂದಕ್ಕೆ ತನ್ನಿ. ಹಾಗೇ ಬಿಟ್ಟರೆ ಬಾವು ಬಂದು ದೊಡ್ಡ ತೊಂದರೆಯಾಗುತ್ತದೆ. ಬೀಟಾಡಿನ್, ಆ್ಯಂಟಿಬಯೋಟಿಕ್ ಮುಲಾಮು ಹಚ್ಚಿದರೆ ಇನ್ಫೆಕ್ಷನ್ ಕಡಿಮೆ ಆಗುವುದಿಲ್ಲ, ಚರ್ಮ ಉರಿಯುತ್ತದೆ ಅಷ್ಟೇ. ಪೌಡರ್ ಕೂಡ ಬೇಡ.

ನೀರಿನ ಬಗ್ಗೆ: ಮಳೆ, ಚಳಿಗೆ ಹಿರಿಯರು ನೀರು ಮುಟ್ಟುವುದೇ ಇಲ್ಲ. ಹೃದಯ, ಕಿಡ್ನಿ ತೊಂದರೆಯಿಂದ ಡಾಕ್ಟರು ನೀರು ಕಡಿಮೆ ಮಾಡಿಸಿಲ್ಲ ಅಂದರೆ ದಿನಕ್ಕೆ ಒಂದೂವರೆ ಲೀಟರ್ ಗುರಿ ಇಡಿ. ಬಿಸಿ ಜೀರಿಗೆ ನೀರು, ಗಂಜಿ ತಿಳಿ, ಸಾರು, ಬೆಲ್ಲದ ಕಾಪಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಶುಗರ್ ಇರುವವರಿಗೆ ಬೆಲ್ಲ ಬಿಟ್ಟು. ಎಳನೀರು ಒಳ್ಳೆಯದೇ, ಆದರೆ ಕಿಡ್ನಿ ಸೋತವರಿಗೆ ಅದರ ಪೊಟ್ಯಾಶಿಯಂ ಅಪಾಯ. ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ರ್ಯಾನ್‌ಬೆರಿ ಮಾತ್ರೆಗೆ ದುಡ್ಡು ಹಾಕಬೇಡಿ. ಪೈಪ್ ಇರುವವರಿಗೆ ಅದರಿಂದ ಉಪಯೋಗ ಅಂತ ಸಾಬೀತಾಗಿಲ್ಲ.

ನೇರಳೆ ಬ್ಯಾಗಿನ ಅಜ್ಜಿ. ಅವರಿಗೆ ಕಕ್ಕಡ 18ರ ಹೊತ್ತಿಗೆ ಮದ್ದು ಸೊಪ್ಪಿನ ಪಾಯಸ ಕೊಟ್ಟಿದ್ದಿರಾ? ಅದನ್ನು ತಿಂದ ಮಾರನೇ ದಿನ ಮೂತ್ರಕ್ಕೆ ಬಣ್ಣ ಬರುವುದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅದು ತಿಂದ ಎಲ್ಲರಿಗೂ ಬರುತ್ತದೆ, ಬೇಗ ಹೋಗುತ್ತದೆ. ನಿಮ್ಮದು ಒಬ್ಬರಿಗೇ ಬಂದು, ಪ್ಲಾಸ್ಟಿಕ್ಕಿಗೇ ಬಣ್ಣ ಹಿಡಿದು ಕೂತಿದ್ದರೆ ಬೇರೆ ಕಾರಣ. ಮಲಬದ್ಧತೆ ಇದ್ದಾಗ ಊಟದ ಟ್ರಿಪ್ಟೊಫಾನ್ ಎಂಬ ಅಂಶ ಕರುಳಲ್ಲಿ ಜಾಸ್ತಿ ಹೊತ್ತು ನಿಂತು ಒಡೆಯುತ್ತದೆ. ಅದರ ಒಂದು ಪಾಲು ಲಿವರ್ ದಾಟಿ ಮೂತ್ರಕ್ಕೆ ಬರುತ್ತದೆ. ಪೈಪಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಅದನ್ನು ನೀಲಿ ಮತ್ತು ಕೆಂಪು ಬಣ್ಣವಾಗಿ ಮಾರ್ಪಡಿಸುತ್ತವೆ. ಎರಡೂ ಸೇರಿ ನೇರಳೆ. ಹೆಚ್ಚಾಗಿ ಮಲಬದ್ಧತೆ ಇರುವ ವಯಸ್ಸಾದ ಹೆಂಗಸರಲ್ಲಿ ಕಾಣುತ್ತದೆ. ನೋಡಲು ಭಯ, ಆದರೆ ಬಣ್ಣ ತಾನಾಗಿ ಅಪಾಯ ಅಲ್ಲ. ಅಜ್ಜಿಗೆ ಜ್ವರ ಇಲ್ಲ, ಊಟ ಮಾತು ಮಾಮೂಲಿ ಇದೆ ಅಂದರೆ ಮಲಬದ್ಧತೆ ಸರಿಪಡಿಸಿ, ಪೈಪ್ ಮತ್ತು ಬ್ಯಾಗ್ ಬದಲಿಸಿ. ಆ್ಯಂಟಿಬಯೋಟಿಕ್ ಬೇಕಾಗಿಲ್ಲ.

ಹಾಗಾದರೆ ನಿಜವಾದ ಇನ್ಫೆಕ್ಷನ್ ಗುರುತಿಸುವುದು ಹೇಗೆ? ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಅವರ ಮಾಮೂಲಿ ಟೆಂಪರೇಚರಿಗಿಂತ 2 ಡಿಗ್ರಿ ಏರಿದರೆ. ವಯಸ್ಸಾದವರ ಮೈ ಬಿಸಿ ಮೊದಲೇ ಕಡಿಮೆ ಇರುತ್ತದೆ, ಅದಕ್ಕೇ ಆರೋಗ್ಯವಾಗಿದ್ದಾಗಿನ ಟೆಂಪರೇಚರ್ ಬರೆದಿಟ್ಟಿರಬೇಕು. ನಡುಕದ ಚಳಿ. ಪಕ್ಕೆ ಹಿಂಭಾಗದಲ್ಲೋ ಕಿಬ್ಬೊಟ್ಟೆಯಲ್ಲೋ ಹೊಸ ನೋವು. ನಿನ್ನೆ ಸರಿ ಇದ್ದವರು ಇವತ್ತು ಇದ್ದಕ್ಕಿದ್ದಂತೆ ಗೊಂದಲ ಮಾಡಿಕೊಂಡರೆ ಅಥವಾ ಮಂಕಾದರೆ ಡಾಕ್ಟರಿಗೆ ತೋರಿಸಿ. ಆದರೆ ಗೊಂದಲಕ್ಕೆ ನಿರ್ಜಲತೆ, ಶುಗರ್ ಇಳಿತ, ಎದೆ ಕಫ, ಹೊಸ ಮಾತ್ರೆ ಯಾವುದಾದರೂ ಕಾರಣವಾಗಬಹುದು. ಎಲ್ಲವನ್ನೂ ಮೂತ್ರದ ತಲೆಗೆ ಕಟ್ಟಬೇಡಿ. ಬಿಪಿ ಇಳಿದು ಕೈಕಾಲು ತಣ್ಣಗಾದರೆ, ಉಸಿರು ಜೋರಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ಜಿಲ್ಲೆ ನಮ್ಮದು. 108ಕ್ಕೆ ಬೇಗ ಕರೆ ಮಾಡಿ.

ಇನ್ಫೆಕ್ಷನ್ ಅನುಮಾನ ಬಂದಾಗ ಮಾತ್ರ ಕಲ್ಚರ್. ಪೈಪ್ ಹಾಕಿ ಎರಡು ವಾರ ದಾಟಿದ್ದರೆ ಮೊದಲು ಹಳೆ ಪೈಪ್ ತೆಗೆದು ಹೊಸದು ಹಾಕಿ, ಅದರಿಂದ ಸ್ಯಾಂಪಲ್ ತೆಗೆಯಬೇಕು. ಹಳೆಯದರಿಂದ ತೆಗೆದರೆ ಲೋಳೆಯಲ್ಲಿ ಕೂತವುಗಳೂ ರಿಪೋರ್ಟಿಗೆ ಬರುತ್ತವೆ. ಬ್ಯಾಗಿನಿಂದಂತೂ ತೆಗೆಯಲೇಬಾರದು. ಸ್ಯಾಂಪಲ್ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು, ಐಸ್ ಪ್ಯಾಕ್ ಜೊತೆ ಕಳಿಸಿ. ಸಾಯಂಕಾಲದ ಬಸ್ಸಿನಲ್ಲಿ ಸುಮ್ನೆ ಕಳಿಸಿದ ಡಬ್ಬದಲ್ಲಿ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಔಷಧಿ ಶುರುವಾದ ಮೇಲೆ ಬೇಗ ಚೇತರಿಸಿದರೆ ಸಾಮಾನ್ಯವಾಗಿ 7 ದಿನ ಸಾಕು. ನಿಧಾನವಾದರೆ ಡಾಕ್ಟರು 10ರಿಂದ 14 ದಿನ ಕೊಡುತ್ತಾರೆ. ಕೋರ್ಸ್ ಮುಗಿದ ಮೇಲೆ ‘ಕ್ಲಿಯರ್ ಆಯಿತಾ ನೋಡೋಣ’ ಅಂತ ಮತ್ತೆ ಕಲ್ಚರ್ ಮಾಡಿಸಬೇಡಿ, ಮತ್ತೆ ಅದೇ ಸುಳಿಗೆ ಬೀಳುತ್ತೀರಿ.

ಕೊನೆಗೆ ಇಂಜೆಕ್ಷನ್ ಬೇಕು ಎಂದಿರುವ ಅಜ್ಜನ ವಿಷಯ. ಅವರಿಗೆ ಜ್ವರ ಇದೆ, ನಡುಕ ಇದೆ, ಸುಸ್ತಾಗಿದ್ದಾರೆ ಅಂದರೆ ಇಂಜೆಕ್ಷನ್ ಕೊಡಿಸಿ, ತಡ ಮಾಡಬೇಡಿ. ಆದರೆ ನಿಮ್ಮ ಪತ್ರದಲ್ಲಿ ರಿಪೋರ್ಟ್ ಬಿಟ್ಟರೆ ಅವರ ಮೈಗೆ ಏನಾಗಿದೆ ಅಂತ ಒಂದು ಮಾತೂ ಇಲ್ಲ. ಕೂತು ಕಾಪಿ ಕುಡಿಯುತ್ತಿದ್ದಾರೆ, ಮೊಮ್ಮಕ್ಕಳ ಫೋನಿಗೆ ಕಾಯುತ್ತಿದ್ದಾರೆ ಅಂದರೆ ಡಾಕ್ಟರ ಹತ್ತಿರ ಹೀಗೆ ಕೇಳಿ: ‘ಸಾರ್, ಇವರಿಗೆ ಲಕ್ಷಣ ಏನೂ ಇಲ್ಲ, ಹಳೆ ಪೈಪಿನಿಂದ ತೆಗೆದ ಸ್ಯಾಂಪಲ್, ಆದರೂ ಇಂಜೆಕ್ಷನ್ ಬೇಕಾ? ಪೈಪ್ ತೆಗೆದು ನೋಡಬಹುದಾ?’ ಕೇಳಲು ಸಂಕೋಚ ಬೇಡ. ಜೊತೆಗೆ ಹಿಂದಿನ ತಿಂಗಳುಗಳ ರಿಪೋರ್ಟು, ಕೊಟ್ಟ ಔಷಧಿಗಳ ಪಟ್ಟಿ, ಪೈಪ್ ಹಾಕಿದ ತಾರೀಕು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮುಂದೆ ನಿಜವಾಗಿ ಇನ್ಫೆಕ್ಷನ್ ಆದಾಗ ಯಾವ ಔಷಧಿ ಆರಿಸಬೇಕು ಅನ್ನುವುದಕ್ಕೂ ಆ ಹಾಳೆಯೇ ಬೇಕಾಗುತ್ತದೆ.